ಒತಾರುವಿನಲ್ಲಿ ದೀಪ ಹಚ್ಚುವ ಹೊತ್ತು

ಫೆಬ್ರವರಿಯಲ್ಲಿ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊಗೆ ಹೋದವರು ಹೆಚ್ಚಾಗಿ ಹಗಲೆಲ್ಲ ಸಪ್ಪೊರೊ ನಗರದ ಓದೊರಿ ಪಾರ್ಕಿನ ದೊಡ್ಡ ಹಿಮಶಿಲ್ಪಗಳನ್ನು ನೋಡಿ, ಊಟ ಮುಗಿಸಿ, ರಾತ್ರಿ ಏಳರ ಮೇಲೆ ಹತ್ತಿರದ ಬಂದರು ಊರು ಒತಾರುವಿನ ರೈಲು ಹತ್ತುತ್ತಾರೆ. ಅಷ್ಟು ಹೊತ್ತಿಗೆ ಅಲ್ಲಿನ ಕಾಲುವೆ ದಂಡೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಸಪ್ಪೊರೊದ ಹಿಮಹಬ್ಬ 1950ರಲ್ಲಿ ಶಾಲಾ ಮಕ್ಕಳು ಮಾಡಿಟ್ಟ ಆರು ಹಿಮದ ಗೊಂಬೆಗಳಿಂದ ಶುರುವಾಯಿತು. ಇವತ್ತು ಅದು ಕಟ್ಟಡದಷ್ಟು ಎತ್ತರದ ಶಿಲ್ಪಗಳ ಹಬ್ಬ. 1999ರಲ್ಲಿ ಆರಂಭವಾದ ಒತಾರುವಿನ 'ಯುಕಿ ಅಕಾರಿ ನೊ ಮಿಚಿ' (ಹಿಮದ ಬೆಳಕಿನ ದಾರಿ) ಇನ್ನೂ ಕೈಯಲ್ಲಿ ಹಚ್ಚುವ ಪುಟ್ಟ ದೀಪಗಳ ಹಬ್ಬವಾಗಿಯೇ ಉಳಿದಿದೆ. ಇದನ್ನು ನೋಡಬೇಕಾದದ್ದು ಸಂಜೆ ನಾಲ್ಕರಿಂದ ಆರರ ನಡುವೆ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೂ ದೀಪ ಹಚ್ಚುವುದೂ ಐದರ ಸುಮಾರಿಗೆ.

ಸಪ್ಪೊರೊದಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಎಲ್ಲ ಕಡೆ ನಿಲ್ಲುವ ರೈಲಾದರೆ ಮುಕ್ಕಾಲು ಗಂಟೆಯ ಮೇಲೆ. ಹೋಗುವಾಗ ಬಲಗಡೆ ಕೂರಬೇಕು. ಜೆನಿಬಾಕೊ ನಿಲ್ದಾಣ ದಾಟಿದ ಮೇಲೆ ಹಳಿ ಇಶಿಕಾರಿ ಕೊಲ್ಲಿಯ ಅಂಚಿಗೇ ಹೋಗುತ್ತದೆ, ಕಿಟಕಿಯ ಕೆಳಗೇ ಬೂದು ಬಣ್ಣದ ಸಮುದ್ರ.

ನಿಲ್ದಾಣದಿಂದ ಹೊರಬಿದ್ದರೆ ಮುಖ್ಯ ರಸ್ತೆ ನೇರವಾಗಿ ಸಮುದ್ರದ ಕಡೆಗೆ ಇಳಿಯುತ್ತದೆ. ಕಾಲುವೆಗೆ ಹತ್ತು ನಿಮಿಷದ ನಡಿಗೆ. ಬೀಳುವವರು ಬೀಳುವುದು ಈ ಇಳಿಜಾರಿನಲ್ಲೇ. ಹೊಸ ಹಿಮ ಕಾಲಿಗೆ ಹಿಡಿತ ಕೊಡುತ್ತದೆ. ಹಗಲು ತುಸು ಕರಗಿ, ಜನರ ಕಾಲ್ತುಳಿತಕ್ಕೆ ಗಟ್ಟಿಯಾಗಿ, ಸಂಜೆ ಮತ್ತೆ ಹೆಪ್ಪುಗಟ್ಟಿದ ಹಾದಿಯೇ ಅಪಾಯ. ಬಿಳಿ ಕಂಡಲ್ಲಿ ಕಾಲಿಡಿ, ಕಪ್ಪಗೆ ಹೊಳೆಯುವಲ್ಲಿ ಬೇಡ. ಹಿಮ್ಮಡಿ ಮೊದಲು ಊರದೆ ಇಡೀ ಪಾದವನ್ನು ಒಟ್ಟಿಗೆ ಇಟ್ಟು, ಸಣ್ಣ ಹೆಜ್ಜೆ ಹಾಕಬೇಕು. ಬೂಟಿನ ಮೇಲೆ ಎಳೆದುಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಅಂಗಡಿಗಳಲ್ಲಿ ಸಿಗುತ್ತದೆ, ತೊಗೊಳ್ಳಿ. ಆದರೆ ಅಂಗಡಿಯ ಟೈಲ್ಸ್ ಮೇಲೆ ಅದೇ ಮುಳ್ಳು ಜಾರುತ್ತದೆ, ಒಳಗೆ ಹೋಗುವಾಗ ಬಿಚ್ಚಿಬಿಡಬೇಕು.

ಇಳಿಜಾರಿನ ಅರ್ಧದಲ್ಲಿ ಹಳೆಯ ತೆಮಿಯಾ ರೈಲು ಹಳಿ ಅಡ್ಡ ಬರುತ್ತದೆ. 1880ರಲ್ಲಿ ಬಂದ ಹೊಕ್ಕೈಡೊದ ಮೊದಲ ರೈಲು ಮಾರ್ಗದ ತುಂಡು ಇದು. ಗಣಿಯ ಕಲ್ಲಿದ್ದಲು ಬಂದರಿಗೆ ಇಳಿಯುತ್ತಿದ್ದ ಈ ಹಾದಿ 1985ರಲ್ಲಿ ನಿಂತಿತು. ಎಲ್ಲರೂ ಕಾಲುವೆಗೆ ಓಡುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಇಲ್ಲಿಗೆ ತಿರುಗಿ. ದೀಪದ ಕೆಲಸ ಅಂಗೈ ದೂರದಲ್ಲಿ ಕಾಣುವುದು ಇಲ್ಲಿಯೇ.

ಐಸ್ ದೀಪ ಮಾಡುವುದಕ್ಕೆ ಬೇಕಾದದ್ದು ಬಕೆಟ್, ನೀರು, ಒಂದು ರಾತ್ರಿಯ ಚಳಿ. ಬಕೆಟ್ಟಿಗೆ ನೀರು ತುಂಬಿ ಹಿಮದ ಮೇಲಿಡುತ್ತಾರೆ. ನೀರು ಮೇಲಿನಿಂದಲೂ ಸುತ್ತಲಿನಿಂದಲೂ ಹೆಪ್ಪುಗಟ್ಟುತ್ತಾ ಬರುತ್ತದೆ. ತಳದಲ್ಲಿರುವ ಹಿಮ ಚಳಿಯನ್ನು ತಡೆಯುವುದರಿಂದ ಅಡಿಭಾಗ ತೆಳುವಾಗಿಯೇ ಉಳಿಯುತ್ತದೆ, ನಡುವೆ ನೀರು ನೀರಾಗಿಯೇ ಇರುತ್ತದೆ. ಬೆಳಿಗ್ಗೆ ಬಕೆಟ್ ಬೋರಲು ಹಾಕಿ, ಹೊರಗೆ ಉಗುರುಬೆಚ್ಚಗಿನ ನೀರು ಹುಯ್ದರೆ ಐಸ್ ಕಳಚಿಕೊಳ್ಳುತ್ತದೆ. ಕುದಿನೀರು ಹುಯ್ದರೆ ಚಟ್ಟನೆ ಬಿರುಕು. ಈಗ ತೆಳುವಾದ ತಳ ಮೇಲೆ ಬಂದಿರುತ್ತದೆ; ಅದನ್ನು ಒಡೆದು ಒಳಗಿನ ನೀರು ಚೆಲ್ಲಿದರೆ ಎರಡು ಬೆರಳು ದಪ್ಪದ ಗೋಡೆಯ ಗೂಡು ಸಿದ್ಧ. ಹೆಪ್ಪುಗಟ್ಟುವಾಗ ಗಾಳಿಯ ಗುಳ್ಳೆಗಳು ಒಳಮುಖವಾಗಿ ಸರಿದು ಆ ನೀರಿನ ಜತೆಗೇ ಹೊರಹೋಗುತ್ತವೆ, ಗೋಡೆ ಗಾಜಿನಷ್ಟು ತಿಳಿಯಾಗಿ ಉಳಿಯುತ್ತದೆ. ಹೊತ್ತು ಮೀರಿದರೆ ನಡುವೂ ಗಟ್ಟಿಯಾಗಿ ಬೆಳ್ಳಗಾಗುತ್ತದೆ, ಬಕೆಟ್ಟೂ ಸೀಳುತ್ತದೆ. ಚಳಿ ಸಾಲದ ರಾತ್ರಿ ಗೋಡೆ ತೆಳುವಾಗಿ, ಎತ್ತುವಾಗಲೇ ಕೈಯಲ್ಲಿ ಮುರಿಯುತ್ತದೆ.

ಹಿಮದ ದೀಪ ಸುಲಭ ಎನಿಸುತ್ತದೆ, ಅಲ್ಲ. ಚಳಿ ಜೋರಿದ್ದಾಗ ಬೀಳುವ ಒಣ ಹಿಮ ಅಕ್ಕಿಹಿಟ್ಟಿನಂತೆ ಬೆರಳ ಸಂದಿಯಿಂದ ಉದುರುತ್ತದೆ, ಎಷ್ಟು ಒತ್ತಿದರೂ ಉಂಡೆ ಕಟ್ಟುವುದಿಲ್ಲ. ಸ್ವಲ್ಪ ನೀರು ಚಿಮುಕಿಸಿ, ಬಕೆಟ್ಟಿಗೆ ತುಳಿದು ತುಂಬಿ, ಬೋರಲು ಹಾಕಿ, ಒಂದಷ್ಟು ಹೊತ್ತು ಬಿಟ್ಟು ಆಮೇಲೆ ಕೆತ್ತಬೇಕು. ಗೂಡಿನ ಬಾಯಿ ಗಾಳಿಗೆ ಬೆನ್ನು ಮಾಡಿರಬೇಕು. ಗೋಡೆ ದಪ್ಪವಾದರೆ ಬೆಳಕು ಹೊರಗೆ ಬರುವುದಿಲ್ಲ. ಮೇಲೆ ಹೊಗೆಗಂಡಿ ಇಲ್ಲದಿದ್ದರೆ ಬಿಸಿಗೆ ಮಾಡು ಕರಗಿ ಹನಿ ಬತ್ತಿಯ ಮೇಲೆಯೇ ಬೀಳುತ್ತದೆ. ಮೇಣದಬತ್ತಿಯನ್ನು ಬರಿ ಐಸಿನ ಮೇಲಿಟ್ಟರೆ ಅದು ತಾನೇ ಕರಗಿಸಿದ ನೀರಿನಲ್ಲಿ ಕೂರುತ್ತದೆ. ಪುಟ್ಟ ಲೋಟದಲ್ಲಿಟ್ಟರೆ ಆ ಕಾಟವಿಲ್ಲ.

ಹಚ್ಚುವವರು ಸ್ವಯಂಸೇವಕರು: ಊರಿನವರು, ವಿದ್ಯಾರ್ಥಿಗಳು, ಹೊರದೇಶಗಳಿಂದ ಇದಕ್ಕೆಂದೇ ಬಂದವರು. ನಾವು ಹೋದ ಸಂಜೆ ಹಿಮ ಬಿಡದೆ ಬೀಳುತ್ತಿತ್ತು. ಹಚ್ಚಿದ್ದರ ಎರಡರಷ್ಟು ಕೆಲಸ ಗೂಡಿನಲ್ಲಿ ತುಂಬಿದ ಹಿಮವನ್ನು ತೋಡಿ ತೆಗೆದು ಮತ್ತೆ ಹಚ್ಚುವುದರಲ್ಲಿತ್ತು. ಮಂಡಿಯೂರಿದ ಒಬ್ಬ ಹುಡುಗಿ ಕೈಗವಸು ಬಿಚ್ಚಿ, ಬರಿ ಬೆರಳಿನಲ್ಲಿ ಬತ್ತಿಯ ಸುತ್ತ ಹೆಪ್ಪುಗಟ್ಟಿದ್ದನ್ನು ಕೆರೆದು, ಉದ್ದ ಮೂತಿಯ ಲೈಟರ್ ಒಡ್ಡಿ, ಅದು ಹತ್ತಿಕೊಳ್ಳುವ ತನಕ ಅಲುಗಾಡಲಿಲ್ಲ. ಆಮೇಲೆ ಪಕ್ಕದ ಗೂಡಿಗೆ ಸರಿದಳು. ಈ ಹಬ್ಬ ನಡೆಯುವುದು ಇಂಥವರ ಬೆರಳುಗಳಿಂದ. ದಾರಿಯಲ್ಲಿ ನಡೆಯುವಾಗ ಗೂಡಿಗೆ ಕಾಲು ತಗಲದಂತೆ, ಫೋಟೊಕ್ಕೆಂದು ಹಿಮದ ದಂಡೆ ಏರದಂತೆ ನೋಡಿಕೊಳ್ಳಿ.

ಐದೂವರೆಗೆ ಕಾಲುವೆಗೆ ಇಳಿಯಿರಿ. 1923ರಲ್ಲಿ ಮುಗಿದ ಈ ಕಾಲುವೆಯನ್ನು ನೆಲ ಅಗೆದು ಮಾಡಿದ್ದಲ್ಲ, ಸಮುದ್ರದ ಒಂದು ಪಾಲನ್ನು ತುಂಬಿ ಮಾಡಿದ್ದು. ಆದ್ದರಿಂದಲೇ ಅದು ದಡದ ಜತೆ ಮೆಲ್ಲಗೆ ಬಾಗಿದೆ. ರಸ್ತೆಗಾಗಿ ಪೂರ್ತಿ ಮುಚ್ಚುವುದೆಂದಾಗ ಊರಿನವರು ವರ್ಷಗಟ್ಟಲೆ ಹೋರಾಡಿ ಅರ್ಧ ಅಗಲವನ್ನಾದರೂ ಉಳಿಸಿಕೊಂಡರು. ನೀರಿನ ಮೇಲೆ ತೇಲುವ ಗಾಜಿನ ಬುಂಡೆಗಳೊಳಗೆ ದೀಪ. ಮೀನಿನ ಬಲೆ ಮುಳುಗದಿರಲೆಂದು ಕಟ್ಟುತ್ತಿದ್ದ ಬುಂಡೆಗಳು ಅವು. ಆಕಾಶ ಕಡುನೀಲಿಯಾಗಿರುವ ಇಪ್ಪತ್ತು ನಿಮಿಷ ಹಿಮವೂ ನೀಲಿ, ದೀಪವೊಂದೇ ಕೇಸರಿ. ಪೂರ್ತಿ ಕತ್ತಲಾದ ಮೇಲೆ ಈ ಬಣ್ಣ ಸಿಗುವುದಿಲ್ಲ. ಸೇತುವೆಯ ಮೇಲೆ ನೂಕುನುಗ್ಗಲಿದ್ದರೆ ಉತ್ತರದ ತುದಿಗೆ ನಡೆಯಿರಿ, ಅಲ್ಲಿ ಜನ ಕಡಿಮೆ.

ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿಡಿ. ಚಳಿಗೆ ಬ್ಯಾಟರಿ ಅರ್ಧವಿದ್ದರೂ ಫೋನ್ ಆಫ್ ಆಗಿಬಿಡುತ್ತದೆ. 'ಕೈರೋ' ಎಂಬ ಬಿಸಿಪೊಟ್ಟಣವನ್ನು ಬರಿ ಚರ್ಮಕ್ಕೆ ಅಂಟಿಸಬೇಡಿ, ಸುಡುತ್ತದೆ. ಬಟ್ಟೆಯ ಮೇಲೆ, ಸೊಂಟದ ಹಿಂದೆ ಅಂಟಿಸಿದರೆ ಇಡೀ ಸಂಜೆ ಸಾಕು. ಹತ್ತಿ ಕಾಲುಚೀಲ ಬೆವರಿಗೆ ಒದ್ದೆಯಾಗಿ ಬೆರಳು ಮರಗಟ್ಟಿಸುತ್ತದೆ, ಉಣ್ಣೆಯದೇ ಬೇಕು. ಬೆಚ್ಚಗಿನ ಅಂಗಡಿಗೆ ನುಗ್ಗುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಲೆನ್ಸಿನ ಒಳಗೂ ಮಂಜು ಕೂರುತ್ತದೆ.

ಬೆಂಗಳೂರಿನಿಂದ ಬಂದ ಸಸ್ಯಾಹಾರಿಗಳಿಗೆ ಒಂದು ಮಾತು. ಬಿಸಿ ಸೂಪು, ಉದೋನ್ ನೂಡಲ್ಸು ನೋಡಲು ತರಕಾರಿಯಂತಿದ್ದರೂ ಸಾರಿನ ಮೂಲ ಸಾಮಾನ್ಯವಾಗಿ ಒಣಮೀನು. ಸುಟ್ಟ ಗೆಣಸು ಕಂಡರೆ ಬಿಡಬೇಡಿ. ಮರಳುವ ರೈಲಿಗೆ ದೀಪ ಆರಿಸುವ ತನಕ ಕಾಯದೆ, ಎಂಟಕ್ಕೆ ಮೊದಲೇ ಆ ಏರು ಹತ್ತಿ ನಿಲ್ದಾಣ ಸೇರಿದರೆ ಕೂರಲು ಜಾಗ ಸಿಕ್ಕೀತು.