ಕೇ ಮತ್ತು ಯೂರಿ: ಗೆದ್ದರೂ ಊರು ಉಳಿಯದು

ಜಪಾನಿನ ಲೇಖಕ ಹರುಕಾ ತಕಾಚಿಹೊ ಅವರ ‘ಡರ್ಟಿ ಪೇರ್’ ಕಾದಂಬರಿ 1980ರಲ್ಲಿ ಪುಸ್ತಕವಾಗಿ ಬಂದಿತು. ಅದರ ನಾಯಕಿಯರಾದ ಕೇ ಮತ್ತು ಯೂರಿ, 22ನೆಯ ಶತಮಾನದಲ್ಲಿ ಗ್ರಹದಿಂದ ಗ್ರಹಕ್ಕೆ ತೆರಳಿ ಸಂಕಷ್ಟಗಳನ್ನು ಬಗೆಹರಿಸುವ ಸಂಸ್ಥೆಯೊಂದರ ಪ್ರತಿನಿಧಿಗಳು. ಇವರ ಅಧಿಕೃತ ಹೆಸರು ‘ಲವ್ಲಿ ಏಂಜಲ್ಸ್’ ಎಂದಿದ್ದರೂ, ಇವರು ಕೈಹಾಕಿದ ಪ್ರಕರಣ ಮುಗಿಯುವಷ್ಟರಲ್ಲಿ ಒಂದು ನಗರವೋ, ಕೆಲವೊಮ್ಮೆ ಇಡೀ ಗ್ರಹವೋ ನಾಶವಾಗಿರುವುದರಿಂದ, ಜನರಿಟ್ಟ ‘ಡರ್ಟಿ ಪೇರ್’ (ಕೊಳಕು ಜೋಡಿ) ಎಂಬ ಅಡ್ಡಹೆಸರೇ ಎಲ್ಲೆಡೆ ಉಳಿದುಕೊಂಡಿದೆ. ತಮಾಷೆಯೆಂದರೆ, ವಿಚಾರಣೆ ನಡೆದಾಗ ತಪ್ಪು ಇವರದಲ್ಲವೆಂದೇ ತೀರ್ಮಾನವಾಗುತ್ತದೆ! ಈ ಜೋಡಿಯ ಕಲ್ಪನೆಗೆ ಪ್ರೇರಣೆಯಾದವರು 1970ರ ದಶಕದಲ್ಲಿ ಜಪಾನಿನಲ್ಲಿ ಮನೆಮಾತಾಗಿದ್ದ ‘ಬ್ಯೂಟಿ ಪೇರ್’ ಎಂಬ ಮಹಿಳಾ ಕುಸ್ತಿಪಟುಗಳು.

ಇದೇ ಪಾತ್ರಗಳನ್ನಿಟ್ಟುಕೊಂಡು ಟೊರೆನ್ ಸ್ಮಿತ್ ಮತ್ತು ಆಡಮ್ ವಾರೆನ್ 1988ರಲ್ಲಿ ಅಮೆರಿಕದ ಎಕ್ಲಿಪ್ಸ್ ಪ್ರಕಾಶನಕ್ಕಾಗಿ ಇಂಗ್ಲಿಷ್ ಕಾಮಿಕ್ಸ್ ಆರಂಭಿಸಿದರು. ಮುಂದೆ ಅದನ್ನು ಡಾರ್ಕ್ ಹಾರ್ಸ್ ಪ್ರಕಾಶನ ಪ್ರಕಟಿಸಿತು. ಅಮೆರಿಕದ ಓದುಗರಿಗೆ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಇನ್ನೂ ಹೊಸದಾಗಿದ್ದ ಆ ಕಾಲದಲ್ಲಿ, ಅಲ್ಲಿಯ ಕಲಾವಿದನಾದ ವಾರೆನ್ ಅದರ ವೇಗದ ರೇಖೆಗಳನ್ನೂ ಮುಖಭಾವದ ಅತಿರೇಕಗಳನ್ನೂ ಇಷ್ಟು ಸಲೀಸಾಗಿ ತನ್ನದಾಗಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ಕಪ್ಪು-ಬಿಳುಪಿನ ಆ ಪುಟಗಳಲ್ಲಿ ಗುಂಡಿನ ಸುರಿಮಳೆಯ ನಡುವೆಯೂ ಇಬ್ಬರ ಜಗಳ ನಿಲ್ಲುವುದಿಲ್ಲ: ಕೇ ಮುಂಗೋಪಿ, ಯೂರಿ ನಯದ ಮಾತಿನವಳು, ಆದರೆ ಹಾನಿ ಮಾಡುವುದರಲ್ಲಿ ಇಬ್ಬರೂ ಸಮಾನರು. ಅವರ ತೀರ ಕಿರಿದಾದ ಉಡುಪು ಪುರುಷ ಓದುಗರನ್ನು ಓಲೈಸಲೆಂದೇ ಇದೆಯೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಹಾಗಿದ್ದರೂ ಯಾವ ಗಂಡಸಿನ ರಕ್ಷಣೆಗೂ ಕಾಯದ, ಅನಾಹುತ ಮಾಡಿಯೂ ತಲೆತಗ್ಗಿಸದ ಇಂಥ ನಾಯಕಿಯರು ಆಗಿನ ಸಾಹಸ ಕಾಮಿಕ್ಸ್‌ಗಳಲ್ಲಿ ವಿರಳ.