ಮಳೆ ಕಡಿಮೆಯಾದ ದಿನವೇ ಬರೆ ಇಳಿಯಿತು

ನಾನು ಮಡಿಕೇರಿ ತಾಲ್ಲೂಕಿನ ಒಂದು ಸಣ್ಣ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್. ಮೇ ತಿಂಗಳು ಬಂದರೆ ಬಿಲ್ ಬದಿಗಿಟ್ಟು ಅಪಾಯದ ಮನೆಗಳ ಪಟ್ಟಿ ಮಾಡಲು ಹೊರಡಬೇಕು. ಮೇಲಿನ ಕಚೇರಿಯಿಂದ ಒಂದು ಫಾರಂ ಬರುತ್ತದೆ. ಹೊಳೆಯಿಂದ ಮನೆ ಎಷ್ಟು ದೂರ, ಹಿಂದೆ ನೀರು ನುಗ್ಗಿತ್ತಾ, ಎಷ್ಟು ಜನ, ಎಷ್ಟು ದನ. ಅಷ್ಟೇ. ಮನೆ ಹಿಂದೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಎಷ್ಟು ಎತ್ತರ ಇದೆ, ಯಾವಾಗ ಕಡಿದದ್ದು, ಮೇಲೆ ತೋಡು ಹರಿಯುತ್ತದಾ ಅಂತ ಕೇಳುವ ಕಾಲಂ ಇಲ್ಲ.

ಇದು ಕೊಡಗಿನಲ್ಲಿ! ಹೊಳೆ ಇಲ್ಲಿ ಹಾನಿ ಮಾಡುವುದಿಲ್ಲ ಅಂತಲ್ಲ. 2019ರಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ ಕಡೆ ಕಾವೇರಿ ದಡದವರು ಮನೆ ಕಳೆದುಕೊಂಡರು. ಭಾಗಮಂಡಲದ ಸಂಗಮವಂತೂ ಮಳೆಗಾಲ ಬಂದರೆ ಮುಳುಗುತ್ತದೆ. ಆದರೆ ಹೊಳೆ ಏರುವುದು ಕಣ್ಣಿಗೆ ಕಾಣುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಪಾತ್ರೆ ಎತ್ತಿಕೊಂಡು ಹೊರಡಲು ಸಮಯ ಕೊಡುತ್ತದೆ. ಗುಡ್ಡ ಹಾಗಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ. 2020ರ ಆಗಸ್ಟ್‌ನಲ್ಲಿ ತಲಕಾವೇರಿ, ಅಲ್ಲಿ ಐದು ಜನ. ಸಾಲಾಗಿ ಮೂರು ವರ್ಷ, ಮೂರೂ ಸಲ ಗುಡ್ಡ, ಮೂರೂ ಸಲ ಆಗಸ್ಟ್. ಆಮೇಲೂ ಫಾರಂ ಅದೇ.

ಈಗ ವಿಷಯಕ್ಕೆ ಬರುತ್ತೇನೆ. ಆಮೇಲಿನ ಒಂದು ವರ್ಷ ಕಕ್ಕಡದಲ್ಲಿ (ಜುಲೈ-ಆಗಸ್ಟ್ ಹೊತ್ತಿನ ನಮ್ಮ ಮಳೆ ತಿಂಗಳು) ವಾರವಿಡೀ ಬಿಡದೆ ಹೊಡೆದ ಮಳೆ ಒಂದು ದಿನ ಇಳಿಯಿತು. ಬೆಳಿಗ್ಗೆ 8.30ರ ಲೆಕ್ಕ ನೋಡಿದರೆ ಹಿಂದಿನ ದಿನಗಳ ಅರ್ಧವೂ ಇಲ್ಲ. ಆರೆಂಜ್ ಅಲರ್ಟ್ ಯೆಲ್ಲೋ ಆಯಿತು. ಪಿಡಿಒ ಮೇಡಂ ಮಡಿಕೇರಿಗೆ ಮೀಟಿಂಗಿಗೆ ಹೋದರು. ಆಫೀಸಿನಲ್ಲಿ ಎಲ್ಲರಿಗೂ ಸ್ವಲ್ಪ ಉಸಿರು ಬಂದ ಹಾಗಾಯಿತು.

ಹತ್ತು ಗಂಟೆ ಸುಮಾರಿಗೆ ಮೇಲಿನ ಕಾಲೊನಿಯಿಂದ ಒಬ್ಬರು ಅಜ್ಜಿ ಫೋನ್ ಮಾಡಿದರು. "ಪೈಪಲ್ಲಿ ನೀರೇ ಬರ್ತಿಲ್ಲ ಮಗಾ, ವಾಟರ್‌ಮ್ಯಾನ್‌ನ ಕಳ್ಸು." ಆ ಕಾಲೊನಿಗೆ ನೀರು ಗುಡ್ಡದ ಒರತೆಯಿಂದಲೇ, ಕಪ್ಪು ಪೈಪ್ ಹಾಕಿ ತಂದದ್ದು. ಆನೆ ತುಳಿದಿರಬೇಕು ಅಂದುಕೊಂಡೆ. ದೂರಿನ ಬುಕ್ಕಿನಲ್ಲಿ "ನೀರಿನ ಸಮಸ್ಯೆ" ಅಂತ ಬರೆದೆ. ವಾರವಿಡೀ ಮಳೆ ಬಿದ್ದ ಗುಡ್ಡದ ಒರತೆ ಯಾಕೆ ನಿಲ್ಲುತ್ತದೆ ಅನ್ನುವ ಪ್ರಶ್ನೆ ತಲೆಗೆ ಬರಲಿಲ್ಲ.

ವಾಟರ್‌ಮ್ಯಾನ್ ಮೇಲಿಂದ ಫೋನ್ ಮಾಡಿದ. ಪೈಪ್ ಸರಿ ಇದೆ, ಒರತೆಯಲ್ಲೇ ನೀರಿಲ್ಲ ಅಂದ. ನಾನು ಬೈಕ್ ಹತ್ತಿ ಹೋಗುವಷ್ಟರಲ್ಲಿ ಮತ್ತೆ ನೀರು ಶುರುವಾಗಿತ್ತು. ಪೈಪಿನ ಬಾಯಿ ಎರಡು ಸಲ ಗಾಳಿ ಉಗುಳಿ ಕೆಂಪು ನೀರು ಬಿಟ್ಟಿತು. ಅಜ್ಜಿ ಬಕೆಟ್ ಹಿಡಿದಿದ್ದರು. ಕೈ ಹಾಕಿದೆ. ತಳದಲ್ಲಿ ಬೆರಳು ಮುಳುಗುವಷ್ಟು ಮಣ್ಣು, ಜೊತೆಗೆ ಸಣ್ಣ ಕಲ್ಲು. 2018ರಲ್ಲಿ ಪರಿಹಾರ ಕೇಂದ್ರದಲ್ಲಿ ಊಟ ಬಡಿಸುವಾಗ ಜನ ಇದನ್ನೇ ಹೇಳುತ್ತಿದ್ದರು, ಮೊದಲು ಕೆಸರು ನೀರು ಬಂತು ಅಂತ.

ಮೇಲೆ ಹತ್ತಿದೆವು. ಕಾಫಿ ಗಿಡಗಳ ನಡುವೆ ಅಡ್ಡಕ್ಕೆ ಒಂದು ಬಿರುಕು. ವಾಟರ್‌ಮ್ಯಾನ್ ಕೋಲು ಹಾಕಿದ, ಕೋಲು ಪೂರ್ತಿ ಒಳಗೆ ಹೋಯಿತು. ಬಿರುಕಿನ ಕೆಳಗಿದ್ದ ಸಿಲ್ವರ್ ಓಕ್‌ಗಳೆಲ್ಲ ಒಂದೇ ಕಡೆಗೆ ವಾಲಿದ್ದವು.

ಅಲ್ಲಿಂದ ಮುಂದಿನ ಹೊತ್ತು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮೇಲಿನ ಕಚೇರಿಗೆ ಫೋನ್ ಮಾಡಿದೆ. "ಯೆಲ್ಲೋ ತಾನೇ ಇರೋದು? ಆ್ಯಪಲ್ಲಿ ಫೋಟೊ ಹಾಕಿ, ಇಂಜಿನಿಯರ್ ಬಂದು ನೋಡ್ತಾರೆ." ಗುಡ್ಡದ ಮೇಲೆ ಸಿಗ್ನಲ್ ಎಲ್ಲಿಂದ ಬರಬೇಕು? ಫೋಟೊ ಸುಮ್ನೆ ಸುತ್ತುತ್ತಾ ಇತ್ತು. ಗಾಡಿ ಕೇಳಿದರೆ ಆರ್ಡರ್ ಇಲ್ಲದೆ ಕೊಡುವ ಹಾಗಿಲ್ಲ ಅಂದರು. ಈ ಕಡೆ ಕಾಲೊನಿಯ ಒಬ್ಬರು ಅಜ್ಜ ಜಗಲಿ ಬಿಟ್ಟು ಏಳುತ್ತಿಲ್ಲ. "ಅಷ್ಟು ಮಳೆಯಲ್ಲೇ ಎಂತದೂ ಆಗಲಿಲ್ಲ, ಇವತ್ತು ಮಳೆಯೇ ಇಲ್ಲ, ಎಂತಕ್ಕೆ ಹೋಗೋದು ಮಾರಾಯ?" ಅವರ ಮಾತು ತಪ್ಪು ಅನ್ನುವುದು ಹೇಗೆ? ಬೆಳಿಗ್ಗೆ ನಾವೆಲ್ಲ ಅಂದುಕೊಂಡದ್ದೂ ಅದನ್ನೇ ಅಲ್ವಾ?

ಕೊನೆಗೆ ದಾರಿ ಮಾಡಿದವರು ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್. ಪಿಕಪ್ ಕಳಿಸಿದರು, ತಾವೂ ಮಳೆ ರಿಜಿಸ್ಟರ್ ಹಿಡಿದು ಬಂದರು. ನಮ್ಮಲ್ಲಿ ತೋಟದವರು ಮಳೆಯನ್ನು ಇನ್ನೂ ಇಂಚು, ಸೆಂಟ್‌ನಲ್ಲೇ (ಇಂಚಿನ ನೂರನೇ ಒಂದು ಪಾಲು) ಬರೆಯುತ್ತಾರೆ. ಅವರು ಅಜ್ಜನ ಎದುರು ಪುಟ ತೆರೆದು, ಬೆರಳಿಟ್ಟು, ಹತ್ತು ದಿನದ್ದು ಕೂಡಿಸಿದರು. ಆಮೇಲೆ 2018ರ ಆಗಸ್ಟ್ ಪುಟ ತೆಗೆದು ಪಕ್ಕದಲ್ಲಿಟ್ಟರು. ಅಜ್ಜ ಕನ್ನಡಕ ಹಾಕಿ ನೋಡಿದರು, ಮಾತಾಡಲಿಲ್ಲ, ಎದ್ದು ಹಟ್ಟಿಗೆ ಹೋಗಿ ದನದ ಹಗ್ಗ ಬಿಚ್ಚಿದರು. ಅವರು ಎದ್ದ ಮೇಲೆ ಉಳಿದ ಮನೆಯವರೂ ಎದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬರೆ ಇಳಿಯಿತು. ಹಟ್ಟಿ ಹೋಯಿತು, ಅಡುಗೆಮನೆ ಅರ್ಧ ಹೋಯಿತು. ಜನ ಎಲ್ಲ ಶಾಲೆಯ ಕಾಳಜಿ ಕೇಂದ್ರದಲ್ಲಿದ್ದರು. ಮನೆ ತೆರವು ಮಾಡಲು ಅನುಮತಿ ಮರುದಿನ ಬಂತು.

ಅಲರ್ಟ್ ಮೇಲೆ ನನಗೆ ಸಿಟ್ಟಿಲ್ಲ. ಅದು ಹೇಳುವುದು ಮಳೆಯನ್ನು. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.4ಕ್ಕಿಂತ ಹೆಚ್ಚಾದರೆ ಅತ್ಯಂತ ಭಾರಿ. ಅಂದರೆ ಎಂಟು ಇಂಚಿನ ಮೇಲೆ. ಆದರೆ ಗುಡ್ಡ ಒಂದು ದಿನದ ಮಳೆ ಲೆಕ್ಕ ಇಡುವುದಿಲ್ಲ. ಮೊದಲಿನ ದಿನಗಳ ನೀರೆಲ್ಲ ಮಣ್ಣಿನೊಳಗೆ ಇರುತ್ತದೆ. ನೀರು ಕುಡಿದ ಮಣ್ಣಿನ ಭಾರ ಜಾಸ್ತಿಯಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಒಳಗೆ ಮಣ್ಣು ಸ್ವಲ್ಪ ಜರುಗಿ ನೀರಿನ ದಾರಿ ಕಟ್ಟಿದರೆ ಒರತೆ ನಿಲ್ಲುತ್ತದೆ, ಒತ್ತಡ ಏರಿ ಬೇರೆ ದಾರಿ ಸಿಕ್ಕಾಗ ಮಣ್ಣು ಹೊತ್ತು ಬರುತ್ತದೆ. ಕೆಳಗೆ ರಸ್ತೆಗೋ ಮನೆ ಸೈಟಿಗೋ ಬುಡ ಕಡಿದಿದ್ದರೆ ತಡೆಯುವುದಕ್ಕೆ ಏನಿದೆ? 2018ರ ನಂತರ ಬಂದ ಭೂವಿಜ್ಞಾನಿಗಳು ಹೇಳಿದ್ದೂ ಇದನ್ನೇ, ವಿಪರೀತ ಮಳೆ ಮತ್ತು ಕಡಿದ ಇಳಿಜಾರು. ನಮ್ಮ ಜನ ಮಾತ್ರ ಆ ವರ್ಷದ ಜುಲೈ ಕಂಪನದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿದಾಗಲೂ ಹಾಗೇ ಆಯಿತು. ಹೆದರಿಕೆ ಸಹಜ. ಆದರೆ ಕಂಪನ ನಮ್ಮ ಕೈಯಲ್ಲಿಲ್ಲ, ಜೆಸಿಬಿ ನಮ್ಮ ಕೈಯಲ್ಲಿದೆ.

ಈಗ ನಾನು ಪಟ್ಟಿಯ ಹಿಂದೆ ಒಂದು ಬಿಳಿ ಹಾಳೆ ಪಿನ್ ಮಾಡಿ ಕಳಿಸುತ್ತೇನೆ. ಬರೆ ಯಾವಾಗ ಕಡಿದದ್ದು, ಹಿಂದೆ ಎಲ್ಲಿ ಜರಿದಿತ್ತು, ಮೇಲೆ ಇಂಗುಗುಂಡಿ ತೆಗೆದಿದ್ದಾರಾ, ಒರತೆ ಎಲ್ಲಿದೆ. ಅಜ್ಜ ಅಜ್ಜಿಯರನ್ನು ಕೇಳಿ ಬರೆದದ್ದು. ಮೇಲೆ ಯಾರಾದರೂ ಓದುತ್ತಾರಾ ಗೊತ್ತಿಲ್ಲ, ಒಂದು ಪ್ರತಿ ಪಂಚಾಯಿತಿ ಗೋಡೆಯಲ್ಲಿದೆ. ದೂರಿನ ಬುಕ್ಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ "ನೀರು ನಿಂತುಹೋಗಿದೆ", "ನೀರು ಕೆಂಪಾಗಿದೆ" ಅಂತ ಬಂದರೆ ಮೊದಲ ಫೋನ್ ಮೇಡಂಗೆ.

ಕೊಡಗಿನ ತೋಟದವರು ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ಮನೆಯಲ್ಲಿ ಹಳೆಯ ಮಳೆ ರಿಜಿಸ್ಟರ್ ಇದ್ದರೆ ಗುಜರಿಗೆ ಹಾಕಬೇಡಿ. ಜರಿದ ಜಾಗ ಗೊತ್ತಿದ್ದರೆ ಆ ತಾರೀಖಿನ ಪಕ್ಕದಲ್ಲೇ ಬರೆದಿಡಿ. ನಿಮ್ಮ ಪಂಚಾಯಿತಿಗೆ ಒಂದು ಜೆರಾಕ್ಸ್ ಕೊಡಿ.