ಟ್ರೊಮ್ಸೊದಿಂದ ಲಾಂಗಿಯರ್‌ಬ್ಯೇನ್‌ಗೆ ಎಷ್ಟು ದೂರ?

ಮ್ಯಾಪ್ ನೋಡಿ ಮೋಸ ಹೋಗಬೇಡಿ. ನಾರ್ವೆಯ ಟ್ರೊಮ್ಸೊದಿಂದ, ಉತ್ತರ ಧ್ರುವದ ಕಡೆಗಿರುವ ಸ್ವಾಲ್ಬಾರ್ಡ್ ದ್ವೀಪಸಮೂಹದ ಊರು ಲಾಂಗಿಯರ್‌ಬ್ಯೇನ್ ತುಂಬಾ ದೂರ ಅನ್ನಿಸುತ್ತದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನೇರ ದೂರ ಸುಮಾರು 960 ಕಿ.ಮೀ. ಅಷ್ಟೇ. ನಾವು ದಿನಾ ನೋಡುವ ಮ್ಯಾಪ್ ಧ್ರುವದ ಕಡೆ ಹೋದಷ್ಟೂ ಎಲ್ಲವನ್ನೂ ಎಳೆದು ತೋರಿಸುತ್ತದೆ, ಟ್ರೊಮ್ಸೊ ಇರುವ ಸುಮಾರು 70 ಡಿಗ್ರಿ ಅಕ್ಷಾಂಶದಲ್ಲಿ ಸಮಭಾಜಕಕ್ಕಿಂತ ಸುಮಾರು 3 ಪಟ್ಟು, ಲಾಂಗಿಯರ್‌ಬ್ಯೇನ್ ಇರುವ 78 ಡಿಗ್ರಿಯಲ್ಲಿ ಹತ್ತಿರ ಹತ್ತಿರ 5 ಪಟ್ಟು. ಗ್ಲೋಬ್ ಮೇಲೆ ದಾರ ಇಟ್ಟು ಅಳೆದಾಗಲೇ ನನಗೆ ಸಮಾಧಾನ ಆಗಿದ್ದು.

ವಿಮಾನದಲ್ಲಿ ಗಂಟೆಗೆ 800 ಕಿ.ಮೀ. ವೇಗ ಅಂದರೆ 72 ನಿಮಿಷ ಸಾಕು. ಆದರೆ ಏರೋದು, ಇಳಿಯೋದು, ರನ್‌ವೇವರೆಗೆ ಹೋಗೋದು ಎಲ್ಲ ಸೇರಿ ಒಂದೂವರೆ ಗಂಟೆ ದಾಟುತ್ತದೆ. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ ಷೆಂಗೆನ್ ಪ್ರದೇಶದ (ಒಳಗಡಿಗಳಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಯುರೋಪ್ ದೇಶಗಳ ವಲಯ) ಹೊರಗಿದೆ, ಹಾಗಾಗಿ ಪಾಸ್‌ಪೋರ್ಟ್ ತಪಾಸಣೆಗೆ ಸಮಯ ಇಟ್ಟುಕೊಳ್ಳಿ.